ಮೂರನೆಯ ಗೆಣ್ಣು

ತೀರ್ಥಹಳ್ಳಿ
ಆಗಸ್ಟ್ ೧೩, ೧೯೬೭, ಭಾನುವಾರ

ಬಸ್ ಕಂಪನಿಯ ಸಾಹುಕಾರರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ಇವತ್ತಿನವರೆಗೆ ಒಂದಕ್ಷರ ಬರೆದಿರಲಿಲ್ಲ. ಹೆಂಡತಿ ಶೇಷಮ್ಮ ಇದರ ಮೇಲೆ ಹಾಲಿನ ಪಾತ್ರೆ ಇಟ್ಟು ಇಟ್ಟು ರಟ್ಟಿನ ಮೇಲೆ ದುಂಡಗೆ ಕಲೆ ಬಿದ್ದಿದೆ. ಈಗ ಯಾಕೆ ಬರೆಯಲು ಕೂತೆ ಎಂದರೆ, ಸುಳ್ಳು ಹೇಳಲು ನನಗೆ ಜನ ಇಲ್ಲ.

ಇಷ್ಟು ವರ್ಷ ಹುಲಿಯಪ್ಪ ಇದ್ದ. ತಪ್ಪಿಸಿಕೊಂಡ ಮೀನು ಇಷ್ಟುದ್ದ ಇತ್ತು ಎಂದು ನಾನು ಕೈ ಅಗಲಿಸಿದರೆ 'ಅಷ್ಟೇನಾ?' ಎಂದು ಕೇಳಿ, ಇನ್ನೂ ಅಗಲಿಸಲು ಅವಕಾಶ ಕೊಡುತ್ತಿದ್ದ. ಹೊಸನಗರದಿಂದ ಆಚೆ ಬಿಳಿಕಲ್ಲುಕೊಪ್ಪದವನು. ಗಾಳದ ಕೋಲು ಮಾಡಿಕೊಡುತ್ತಿದ್ದವನು ಅವನು, ಮುರಿಯುತ್ತಿದ್ದವನು ನಾನು. ಇಪ್ಪತ್ತು ವರ್ಷ ಈ ವ್ಯವಸ್ಥೆ ಯಾವ ತಕರಾರೂ ಇಲ್ಲದೆ ನಡೆಯಿತು. ಆಷಾಢದ ಮಳೆಯಲ್ಲಿ ಎದೆ ಕಟ್ಟಿಕೊಂಡು ಸತ್ತುಹೋದ. ಸಾಯುವ ಮುಂಚೆ ಕೋಲಿನ ವಿಷಯಕ್ಕೆ ಏನಾದರೂ ಏರ್ಪಾಟು ಮಾಡಬೇಕು ಎಂಬ ಜವಾಬ್ದಾರಿ ಬೇಡವೆ ಮನುಷ್ಯನಿಗೆ?

ಮೊನ್ನೆ ಅವನ ತಿಥಿಗೆ ಹೋಗಿದ್ದೆ. ಊಟ ಬಡಿಸುತ್ತಾ ಅವನ ಹೆಂಡತಿ ಗುತ್ಯಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು: 'ಹಿರಿಯರ ಹಬ್ಬಕ್ಕೆ ಇವ್ರಿಗೆ ಇದು ಮೊದ್ಲ ಎಡೆ. ಔಲು ಮೀನು ಇಡ್ದಿದ್ರೆ ಹ್ಯಾಂಗೆ? ಸಂತೆ ಮೀನು ಎಲ್ಲಾ ಬಲೆದು. ಅದನ್ನ ಇಟ್ರೆ ಎಲೆ ಬಿಟ್ಟು ಎದ್ದು ಹೋಗೋ ಪೈಕಿ ಇವ್ರು.'

ನಿಜ. ಹುಲಿಯಪ್ಪ ಬಲೆಯ ಮೀನು ಮುಟ್ಟುತ್ತಿರಲಿಲ್ಲ. ಬಲೆಯ ಮೀನು ಹೆದರಿ ಸಾಯುತ್ತದೆ, ಗಾಳದ ಮೀನು ಜಗಳವಾಡಿ ಸಾಯುತ್ತದೆ, ರುಚಿ ಇರುವುದು ಜಗಳದಲ್ಲಿ ಎನ್ನುತ್ತಿದ್ದ.

ನಾನು ಸುಮ್ಮನೆ ಪಾಯಸ ಕುಡಿಯಬಹುದಿತ್ತು. 'ನಾನಿಲ್ವಾ ಅತ್ಗೆ? ಎರಡು ಮೊಳದ ಔಲು, ಗಾಳದ್ದೇ, ತಂದು ನಿಮ್ಮ ಜಗಲಿ ಮೇಲೆ ಹಾಕ್ತೀನಿ!' ಎಂದುಬಿಟ್ಟೆ. ಬಸ್ ಏಜೆಂಟನ ಗಂಟಲು. ದಿನವಿಡೀ ಮಂಡಗದ್ದೆ, ಶಿವಮೊಗ್ಗ ಎಂದು ಕೂಗಿ ಕೂಗಿ ಅದಕ್ಕೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ತಿಥಿ ಊಟವಾದ್ದರಿಂದ ಯಾರೂ ನಗಲಿಲ್ಲ.

ಗುತ್ಯಮ್ಮ ಮಾತ್ರ ಸೌಟು ಹಿಡಿದು ನಿಂತು, 'ತರ್ತೀರಾ? ನಿಮ್ಮನ್ನೇ ನಂಬ್ಕಂಡಿರ್ತೀನಿ ಹಂಗಾರೆ' ಎಂದಳು.

ಹಬ್ಬ ಮಹಾಲಯ ಅಮಾವಾಸ್ಯೆಗೆ. ನನ್ನ ಹತ್ತಿರ ಇರುವುದು ಅವನು ಮಾಡಿದ ಒಂದೇ ಕೋಲು.

ಆಗಸ್ಟ್ ೧೬, ಬುಧವಾರ

ಮಳೆ. ಆಗುಂಬೆ ಗಾಡಿ ಬರಲಿಲ್ಲ, ಎಲ್ಲೋ ಮರ ಬಿದ್ದಿದೆ. ಮರ ಬೀಳಿಸಿದವನು ನಾನೇ ಎಂಬಂತೆ ಜನ ನನ್ನ ಮುಖ ನೋಡಿದರು.

ಸಂಜೆ ಉಳಿದಿರುವ ಆ ಒಂದು ಕೋಲನ್ನು ಗೋಡೆಯಿಂದ ಇಳಿಸಿ ಒರೆಸಿ ಮತ್ತೆ ಗೋಡೆಗೇ ಏರಿಸಿದೆ. ವಾಟೆ ಬಿದಿರಿನ ಕೋಲು, ಒಳಗೆ ಟೊಳ್ಳು, ಹೊಗೆಯ ಬಣ್ಣ. ತುದಿಯಿಂದ ಮೂರನೆಯ ಗೆಣ್ಣಿನ ಮೇಲೆ ಕೆಂಪು ದಾರ ಒತ್ತಾಗಿ ಸುತ್ತಿದೆ. ನನ್ನ ಕೋಲಿಗೆ ಮಾತ್ರ ಹುಲಿಯಪ್ಪ ಹೀಗೆ ಸುತ್ತುತ್ತಿದ್ದ. ಏಜೆಂಟರ ಕೋಲು ಎಂಬ ಗೌರವಕ್ಕೆ ಇರಬೇಕು. ನಾನು ಕೇಳಲಿಲ್ಲ, ಗೌರವವನ್ನು ಯಾರು ಕೇಳುತ್ತಾರೆ?

ನನ್ನ ಆಯುಷ್ಯದಲ್ಲಿ ಮುರಿದ ಕೋಲುಗಳನ್ನು ನೆನೆಸಿಕೊಂಡೆ. ಮೊದಲನೆಯದು ಸಣ್ಣವನಿದ್ದಾಗ, ಎಮ್ಮೆ ಮೆಟ್ಟಿ ಹೋಯಿತು. ಎರಡನೆಯದನ್ನು ಮುರಿದದ್ದು ಅಪ್ಪ, ನನ್ನ ಬೆನ್ನ ಮೇಲೆ. ಅದನ್ನು ನನ್ನ ಹೆಸರಿಗೆ ಹಾಕುವುದು ನ್ಯಾಯವಲ್ಲ. ಮದುವೆಯ ಮಾರನೆಯ ದಿನ ಮಾವನ ಊರಿನ ಕೆರೆಯಲ್ಲಿ ಹೊಸ ಅಳಿಯನ ಕೈಚಳಕ ತೋರಿಸಲು ಹೋಗಿ ಒಂದು. ಅದು ಮಾವನ ಕೋಲು. ಮೀನು ಬಿಡಿಸಿಕೊಂಡು ಹೋದ ಸಿಟ್ಟಿಗೆ ಮೊಣಕಾಲಿಗೆ ಬಡಿದು ನಾನೇ ಮುರಿದದ್ದು ಎಷ್ಟೋ. ಆಮೇಲೆ ಹುಲಿಯಪ್ಪನ ಪರಿಚಯವಾಯಿತು. ಅಲ್ಲಿಂದ ಮುರಿದದ್ದೆಲ್ಲ ಮೀನಿನ ಭಾರಕ್ಕೇ. ನಾನು ಎಳೆಯುವುದು, ಕೋಲು ಬಾಗುವುದು, ಲಟಕ್. ಎಂಥ ಮೀನಿರಬೇಕು! ಊರಲ್ಲಿ ಹೇಳಿಕೊಂಡು ತಿರುಗಲು ಮೀನಿಗಿಂತ ಮುರಿದ ಕೋಲೇ ಹೆಚ್ಚು ಅನುಕೂಲ.

ಅವನ ಕೋಲುಗಳಲ್ಲಿ ಒಂದೇ ಒಂದು, ಅರವತ್ತನಾಲ್ಕರಲ್ಲಿ ಕೊಟ್ಟದ್ದು, ಪೂರ್ತಿ ಒಂದು ವರ್ಷ ತಡೆಯಿತು. 'ಕೋಲು ಕಬ್ಬಿಣ ಇದ್ದಂಗಿದೆ, ಸದ್ಯಕ್ಕೆ ಬರೋ ಕೆಲಸ ಇಲ್ಲ' ಎಂದು ಸಾಗರದ ಗಾಡಿಯ ಡ್ರೈವರ್ ಜಯಪ್ಪನ ಹತ್ತಿರ ಹೊಗಳಿ ಹೇಳಿ ಕಳಿಸಿದ್ದೆ. ಹೊಗಳಿಕೆ ತಲೆಗೇರಿತೋ ಏನೋ, ಅದರ ನಂತರದ್ದು ಎರಡನೇ ವಾರಕ್ಕೇ ಮುರಿಯಿತು.

ಹುಲಿಯಪ್ಪನ ಸ್ವಂತ ಕೋಲು ನಾನು ಕಂಡಾಗಿನಿಂದ ಒಂದೇ. ಸಣ್ಣ ಮೀನು ಹಿಡಿಯುವವನ ಕೋಲಿಗೆ ಏನು ಕಷ್ಟ?

ಮುರಿದ ತುಂಡುಗಳು ಶೇಷಮ್ಮನ ಪಾಲು. ಒಂದೆರಡು ಊದುಗೊಳವೆ ಆಗಿವೆ, ಉಳಿದವು ಹಿತ್ತಿಲಲ್ಲಿ ಹೀರೆಬಳ್ಳಿಯ ಚಪ್ಪರಕ್ಕೆ. ಇವತ್ತು ಚಪ್ಪರ ಸರಿಮಾಡುತ್ತಾ ಹೇಳಿದಳು: 'ನಿಮ್ಮ ಕೋಲೆಲ್ಲ ಒಂದೇ ಅಳತೆಗೆ ಮುರೀತವೆ ನೋಡಿ. ಬಡಗಿ ಕೊಯ್ದು ಕೊಟ್ರೂ ಇಷ್ಟು ಸಮ ಬರಲ್ಲ.'

'ಅದು ಎಳೆಯುವ ಶಿಸ್ತು. ಎಲ್ಲರಿಗೂ ಬರುವುದಿಲ್ಲ' ಎಂದೆ.

ಆಗಸ್ಟ್ ೧೮, ಶುಕ್ರವಾರ

ಕೋಲು ಮಾಡುವುದರಲ್ಲಿ ಏನು ಬ್ರಹ್ಮವಿದ್ಯೆ ಇದೆ? ಗುಡ್ಡಕ್ಕೆ ಹೋಗಿ ವಾಟೆ ಕಡಿದು ತಂದೆ. ಕೆಂಡದ ಮೇಲೆ ಹಿಡಿದು ನೆಟ್ಟಗೆ ಮಾಡಿ, ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದೆ. ಹುಲಿಯಪ್ಪ ಒಂದು ಮಳೆಗಾಲ ಪೂರ್ತಿ ಹೊಗೆಯಲ್ಲಿ ಇಡುತ್ತಿದ್ದ. ಅವನಿಗೆ ಬೇರೆ ಕೆಲಸ ಇರಲಿಲ್ಲ. ನನ್ನ ಅಂದಾಜಿಗೆ ಎರಡು ವಾರ ಸಾಕು.

ಸೆಪ್ಟೆಂಬರ್ ೩, ಭಾನುವಾರ

ಬ್ರಹ್ಮವಿದ್ಯೆ ಇದೆ.

ಹುಣ್ಣಿಮೆಯ ಎದುರಲ್ಲಿ ಕಡಿದ ಬಿದಿರಿಗೆ ಹುಳ ಬೀಳುತ್ತದೆ, ಕಡಿದರೆ ಅಮಾವಾಸ್ಯೆಗೇ ಕಡಿಯಬೇಕು ಎಂದು ಹುಲಿಯಪ್ಪ ಸಾವಿರ ಸಲ ಹೇಳಿದ್ದ. ಹೇಳುವಾಗ ನಾನು ಮೀನಿನ ಉದ್ದ ತೋರಿಸುತ್ತಿದ್ದೆ. ಮೂರು ದಿನದಿಂದ ಅಟ್ಟದಿಂದ ಬಿಳಿ ಪುಡಿ ಉದುರುತ್ತಿತ್ತು. ಶೇಷಮ್ಮ ಅದನ್ನು ಸಾರಿನಲ್ಲಿ ಕಂಡು ಪಾತ್ರೆಯನ್ನು ತಂದು ನನ್ನ ಮುಂದೆ ಇಟ್ಟಳು. 'ನಿಮ್ಮ ಕೋಲು. ಬಡಿಸಲಾ?'

ಹುಳ ಬಿಟ್ಟ ಭಾಗವನ್ನು ತೆಗೆದುಕೊಂಡು ಹೊಳೆಗೆ ಹೋದೆ. ಬೆರಳುದ್ದದ ಮೀನು ಎಳೆದದ್ದಕ್ಕೆ ಕೋಲು ಬಾಗಿತು. ಬಾಗಿದ್ದು ಹಾಗೇ ನಿಂತಿತು. ಕೊಕ್ಕೆಯ ಹಾಗೆ ಬಾಗಿದ ಕೋಲನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ದಾರಿಯಲ್ಲೇ ಬರಬೇಕಾಯಿತು. ಬಟ್ಟೆ ಅಂಗಡಿಯ ಜಯಕೀರ್ತಿ ಗಲ್ಲಾ ಬಿಟ್ಟು ಎದ್ದು ಹೊರಗೆ ಬಂದರು.

ಜಯಕೀರ್ತಿ ಜೈನರು. ಸಂಜೆ ದೀಪ ಹಚ್ಚುವ ಮುಂಚೆ ಊಟ ಮುಗಿಸುವವರು, ಇರುವೆ ಕಂಡರೆ ದಾಟಿ ನಡೆಯುವವರು. ಆದರೂ ನಾನು ಹೊಳೆಗೆ ಹೋದಾಗ ಒಮ್ಮೊಮ್ಮೆ ಜೊತೆಗೆ ಬಂದು ಕೂರುತ್ತಾರೆ. ಯಾರೋ ಇದನ್ನು ಆಕ್ಷೇಪಿಸಿದ್ದಕ್ಕೆ ಅವರು ಹೇಳಿದರಂತೆ: 'ಕನ್ನಪ್ಪನೋರಿಂದ ಮೀನಿಗೆ ಯಾವ ತೊಂದ್ರೆನೂ ಇಲ್ಲ. ಅವ್ರ ಪಕ್ಕ ಕೂತ್ರೆ ಪಾಪ ಅಂಟಲ್ಲ.'

ಇವತ್ತು ಕೋಲನ್ನು ಸುತ್ತಲೂ ನೋಡಿ, 'ಇದು ಬಹಳ ಒಳ್ಳೆ ಕೋಲು ಕನ್ನಪ್ಪನೋರೆ. ಇದನ್ನೇ ಇಟ್ಕೊಳ್ಳಿ' ಎಂದರು.

ಸೆಪ್ಟೆಂಬರ್ ೧೦, ಭಾನುವಾರ

ಶಿವಮೊಗ್ಗದಲ್ಲಿ ರೀಲು ಇರುವ ಕೋಲು ಸಿಗುತ್ತದೆ ಎಂದು ಜಯಪ್ಪ ಹೇಳಿದ್ದ. ತರಿಸಿದೆ. ಬೆಳಿಗ್ಗೆ ಬಂತು. ಹಳದಿ ಬಣ್ಣ, ಹಿತ್ತಾಳೆಯ ಬಳೆಗಳು, ನೈಲಾನ್ ದಾರ. ಮುಟ್ಟಿದರೆ ಮೈ ಜುಂ ಎನ್ನುವ ಹಾಗಿತ್ತು.

ಆ ಕೋಲು ನೀರು ನೋಡಲಿಲ್ಲ. ಗಾಡಿ ಹೊರಡುವ ಹೊತ್ತಾಗಿತ್ತು. ಡ್ರೈವರ್ ಸೀಟಿನ ಹಿಂದಿನಿಂದ ಜಯಪ್ಪ ಕೋಲನ್ನು ಬಾಗಿಲಿನ ಕಡೆ ಚಾಚಿ 'ತಗಳಿ ಏಜೆಂಟ್ರೆ' ಎನ್ನುತ್ತಿದ್ದ. ನಾನು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದ ಹಾಗೆ, ಕೊನೆಯ ಪ್ರಯಾಣಿಕನನ್ನು ಒಳಗೆ ತಳ್ಳಿ, ಬಾಗಿಲನ್ನು ರಪ್ಪೆಂದು ಬಡಿದು ಮುಚ್ಚಿ 'ರೈಟ್!' ಎಂದು ಕೂಗಿದೆ. ಗಾಡಿ ಹೊರಟಿತು. ನನ್ನ ಕಾಲ ಬುಡದಲ್ಲಿ ಒಂದು ಮೊಳ ಹಳದಿ ತುಂಡು ಬಿದ್ದಿತ್ತು. ಉಳಿದದ್ದು ಸಾಗರಕ್ಕೆ ಹೋಯಿತು.

ತುಂಡನ್ನು ಶೇಷಮ್ಮ ನೋಡಿದಳು. 'ಇದು ಅಳತೆಗೆ ಇಲ್ಲ' ಎಂದು ಚಪ್ಪರಕ್ಕೆ ಹಾಕಿಕೊಳ್ಳಲಿಲ್ಲ.

ಸೆಪ್ಟೆಂಬರ್ ೧೭, ಭಾನುವಾರ

ಬೇರೆ ದಾರಿ ಇಲ್ಲದೆ ಹುಲಿಯಪ್ಪನ ಕೋಲನ್ನೇ ಇಳಿಸಿದೆ. ಹೊಳೆಯ ಕೆಂಪು ತಿಳಿಯಾಗುತ್ತಿದೆ. ಸಣ್ಣ ಕಪ್ಪೆ ಚುಚ್ಚಿ, ಬಂಡೆಯ ಮಗ್ಗುಲಲ್ಲಿ ಬಿಟ್ಟೆ. ಜಯಕೀರ್ತಿ ಕಪ್ಪೆ ಚುಚ್ಚುವಾಗ ಆಚೆ ಮುಖ ಮಾಡಿದ್ದರು, ಆಮೇಲೆ ತಿರುಗಿ ಕೂತರು.

ಬೆಂಡು ಮುಳುಗಿತು. ಔಲು ಮೀನೇ, ಬೆನ್ನು ಕಂಡಿತು. ಎಳೆಯಬೇಕು. ಕೈ ಬರಲಿಲ್ಲ. ಈ ಕೋಲು ಮುರಿದರೆ ಇನ್ನೊಂದು ಮಾಡಿಕೊಡುವವರಿಲ್ಲ ಎಂದು ಹಗ್ಗದ ಮೇಲೆ ಬಟ್ಟೆ ಹರವುವವನಂತೆ ಕೋಲನ್ನು ಹಗುರವಾಗಿ ಮೇಲೆತ್ತಿದೆ. ಮೀನು ಸ್ವಲ್ಪ ಹೊತ್ತು ಯೋಚನೆ ಮಾಡಿ, ಕಪ್ಪೆಯನ್ನು ನುಂಗಿಕೊಂಡು ಹೋಯಿತು.

'ಯಾಕೆ ಎಳೀಲಿಲ್ಲ?' ಎಂದು ಜಯಕೀರ್ತಿ ಕೇಳಿದರು. ಮೀನಿನ ಪರವಾಗಿ ಇರಬೇಕಾದ ಮನುಷ್ಯ, ಅವರಿಗೇ ಬೇಜಾರಾಗಿತ್ತು.

'ಸುಮ್ನಿರಿ' ಎಂದೆ. ಮನೆಗೆ ಬಂದು ಕೋಲಿಗೆ ಎಣ್ಣೆ ಹಚ್ಚಿದೆ. ಈಗೀಗ ದಿನಾ ಹಚ್ಚುತ್ತಿದ್ದೇನೆ.

ಸೆಪ್ಟೆಂಬರ್ ೨೪, ಭಾನುವಾರ

ಮುರಿಯಿತು.

ಮೀನಾದರೂ ಆಗಿದ್ದರೆ ಬರೆಯಲು ಮಜ ಇರುತ್ತಿತ್ತು. ಭಾರವಾಗಿ ಹಿಡಿಯಿತು, ಅಲುಗಲಿಲ್ಲ. ಇವತ್ತು ಬಿಡಬಾರದು, ಹಬ್ಬಕ್ಕೆ ಇನ್ನೊಂದು ಭಾನುವಾರ ಮಾತ್ರ ಉಳಿದಿದೆ ಎಂದು ಹಲ್ಲು ಕಚ್ಚಿ ಎಳೆದೆ. ಲಟಕ್. ಅದೇ ಸದ್ದು. ನೀರಿನಿಂದ ಮೇಲೆದ್ದದ್ದು ಒಂದು ಕಂಬಳಿ. ಮಳೆ ಕಳೆಯಿತೆಂದು ಯಾರೋ ಕಂಬಳಿ ನೆನೆಹಾಕಿ ಮೇಲೆ ಕಲ್ಲು ಹೇರಿ ಹೋಗಿದ್ದರು.

ಯಾರೋ ಅಲ್ಲ, ಹೊಳೆಬದಿಯ ಮನೆಯ ಕೆರಿಯಮ್ಮ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. 'ಕಣ್ಣು ಕಾಣಲ್ವಾ ಏಜೆಂಟ್ರೆ? ಹೊಸಾ ಕಂಬ್ಳಿ! ತೂತು ಮಾಡಿದ್ರಲ್ಲ! ಹೊಳೇಲಿ ಮೀನು ಇಲ್ದಿದ್ರೆ ಜನ್ರ ಕಂಬ್ಳಿ ಹಿಡೀತಾರಾ?'

ತುಂಡುಗಳನ್ನು ಎತ್ತಿಕೊಂಡು ಬಂದೆ. ಮೊಣಕಾಲಿಗೆ ಬಡಿಯುವ ಸಿಟ್ಟು ಕೂಡ ಬರಲಿಲ್ಲ. ಗುತ್ಯಮ್ಮನಿಗೆ ಏನು ಹೇಳುವುದು? ಗಂಡನ ಎಲೆಯ ಮೇಲೆ ಅವಳು ಇನ್ನು ಸಂತೆಯ ಒಣಮೀನು ಇಡಬೇಕು. ನಂಬಿಕೊಂಡಿರುತ್ತೇನೆ ಎಂದಿದ್ದಳು.

ಸೆಪ್ಟೆಂಬರ್ ೨೫, ಸೋಮವಾರ

ಚಪ್ಪರಕ್ಕೆ ಕೊಡುವ ಮುಂಚೆ ಕೆಂಪು ದಾರವನ್ನಾದರೂ ಬಿಚ್ಚಿ ಇಟ್ಟುಕೊಳ್ಳೋಣ ಎಂದು ಕೂತೆ. ಇದುವರೆಗೆ ಬಿಚ್ಚಿದವನಲ್ಲ. ಮುರಿದ ತಕ್ಷಣ ಹೊಸನಗರದ ಗಾಡಿ ಹತ್ತುವುದೇ ಅಭ್ಯಾಸ, ತುಂಡನ್ನು ತಿರುಗಿ ನೋಡುತ್ತಿದ್ದವನು ಯಾರು?

ದಾರದ ಅಡಿಯಲ್ಲಿ ಗೆಣ್ಣಿನ ಸುತ್ತ ಚಾಕುವಿನಿಂದ ಕೆರೆದಿದೆ. ಹುಳ ಅಲ್ಲ, ಬಿರುಕಲ್ಲ. ಉಗುರು ಹಿಡಿಸುವಷ್ಟು ಗೀರು, ಸುತ್ತಲೂ ಸಮನಾಗಿ. ಹೊಗೆ ಕುಡಿದು ಕಪ್ಪಾಗಿದೆ. ಅಂದರೆ ಅಟ್ಟಕ್ಕೆ ಕಟ್ಟುವ ಮುಂಚೆಯೇ ಕೆರೆದದ್ದು.

ಹಿತ್ತಿಲಿಗೆ ಹೋಗಿ ಹೀರೆಬಳ್ಳಿ ಎತ್ತಿ ಎತ್ತಿ ನೋಡಿದೆ. ಒಂದು ಕಡ್ಡಿ, ಇನ್ನೊಂದು ಕಡ್ಡಿ. ಎಲ್ಲದರ ತುದಿಯಲ್ಲಿ, ಕೊಳೆತ ದಾರದ ಅಡಿಯಲ್ಲಿ, ಅದೇ ಗೀರು. ಒಲೆಯ ಹತ್ತಿರದ ಊದುಗೊಳವೆಯಲ್ಲೂ ಅದೇ. ಎಲ್ಲ ಮೂರನೆಯ ಗೆಣ್ಣಿಗೆ.

ಇಪ್ಪತ್ತು ವರ್ಷ! ನಾನು ಊರೆಲ್ಲ ಮೀನಿನ ಭಾರ ಹೇಳಿಕೊಂಡು ತಿರುಗಿದ್ದೇನೆ. ಎಳೆಯುವ ಶಿಸ್ತು ಎಂದಿದ್ದೇನೆ. ಅವನು ಅಲ್ಲಿ ಕೂತು 'ಅಷ್ಟೇನಾ?' ಎಂದು ಕೇಳಿ ಒಳಗೊಳಗೇ ನಗುತ್ತಿದ್ದ. ನನ್ನನ್ನು ಮಂಗ ಮಾಡಿದ. ಎರಡು ಮೊಳದ ಮೀನು ಬೇಕಂತೆ ಇವನಿಗೆ! ಇಡಲಿ ಒಣಮೀನು. ತಿನ್ನಲಿ.

ಶೇಷಮ್ಮ ನನ್ನ ಕೈಯಿಂದ ತುಂಡು ತೆಗೆದುಕೊಂಡು ಹಗಲ ಬೆಳಕಿಗೆ ಹಿಡಿದು ನೋಡಿದಳು. 'ಎಷ್ಟು ನಯವಾಗಿ ಮಾಡಿದಾರೆ' ಎಂದಳು.

ಸೆಪ್ಟೆಂಬರ್ ೨೮, ಗುರುವಾರ

ಸಾಗರದ ಗಾಡಿ ಅವನ ಊರಿನ ಮೇಲೆಯೇ ಹೋಗುತ್ತದೆ. ಇವತ್ತು ಅದಕ್ಕೆ ಬೇರೆಯವರ ಕೈಲಿ ರೈಟ್ ಹೇಳಿಸಿದೆ.

ಬಿಳಿಕಲ್ಲುಕೊಪ್ಪ
ಅಕ್ಟೋಬರ್ ೧, ಭಾನುವಾರ

ಕೇಳಿಯೇ ಬಿಡಬೇಕು ಎಂದು ಬಂದೆ. ಬರುವಾಗ ಬಸ್ಸಿನಲ್ಲಿ ಏನೇನು ಹೇಳಬೇಕು ಎಂದು ಜೋಡಿಸಿಕೊಂಡಿದ್ದೆ. ಹೊಸನಗರ ದಾಟುವ ಹೊತ್ತಿಗೆ ಅರ್ಧ ಮರೆತಿತ್ತು.

ಗುತ್ಯಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಉದ್ದು ಆರಿಸುತ್ತಿದ್ದಳು. ಮಗಳನ್ನು ಸಾಗರಕ್ಕೆ ಕೊಟ್ಟಿದೆ, ಅವಳು ನಾಳೆ ಸಂಜೆ ಬರುತ್ತಾಳಂತೆ. ನಾನು ಎರಡು ತುಂಡುಗಳನ್ನು ಮೊರದ ಪಕ್ಕ ಇಟ್ಟೆ.

'ಅತ್ಗೆ, ಇದು ಹುಳ ತಿಂದಿದ್ದಾ, ಚಾಕು ತಿಂದಿದ್ದಾ? ನೋಡಿ ಹೇಳಿ.'

ಅವಳು ನೋಡಲೂ ಇಲ್ಲ. 'ಗೊತ್ತಾಯ್ತಾ ಅಂತೂ?' ಎಂದಳು.

'ಅಂದ್ರೆ ನಿಮಗೂ ಗೊತ್ತಿತ್ತಾ?'

'ಇದೇ ಜಗಲೀಲಿ ಕೂತು ಕೆರೀತಿದ್ರು, ಗೊತ್ತಾಗ್ದೆ ಎಂತ? ನಾ ಬೈತಿದ್ದೆ ಏಜೆಂಟ್ರೆ. ಎಂತಕ್ಕೆ ಹಿಂಗ್ ಮಾಡ್ತೀರಿ, ಪಾಪ ಅವ್ರಿಗೆ ಒಂದು ಮೀನಾದ್ರೂ ಸಿಗೋದು ಬ್ಯಾಡ್ವಾ ಅಂತ. ಇವ್ರು ಎಂತ ಅಂತಿದ್ರು ಗೊತ್ತಾ? ಮುರೀಲಿ ಬಿಡೆ. ಮುರೀದೇ ಇದ್ರೆ ಆ ಮಾರಾಯ ಈ ಕಡೆ ತಲೆ ಹಾಕ್ತಾನೇನೆ?'

ನಾನು ಮೊರದ ಪಕ್ಕದ ತುಂಡುಗಳನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ.

'ಅದೊಂದು ವರ್ಷ ಚಾಕು ಮೊಂಡಾಗಿತ್ತೋ ಏನೋ,' ಉದ್ದಿನಲ್ಲಿ ಕಲ್ಲು ಹುಡುಕುತ್ತಲೇ ಹೇಳಿದಳು, 'ಕೋಲು ಮುರೀಲೇ ಇಲ್ಲ. ನೀವು ಬರ್ಲೂ ಇಲ್ಲ. ದಿನಾ ಸಂಜೆ ಬಸ್ಸು ನಿಲ್ಲೋ ಕಟ್ಟೆ ಹತ್ರ ಹೋಗಿ ಕೂತ್ಕಳೋರು. ಏಜೆಂಟ್ರು ಬಂದ್ರಾ, ಕೋಲು ಗೀಲು ಏನಾದ್ರೂ ಅಂದ್ರಾ ಅಂತ ಡ್ರೈವರ್ನ ಕೇಳೋರು. ನೀವು ಒಂದ್ಸಲ ಹೇಳಿ ಕಳ್ಸಿದ್ರಲ್ಲ, ಕಬ್ಬಿಣ ಇದ್ದಂಗಿದೆ, ಬರೋ ಕೆಲ್ಸ ಇಲ್ಲ ಅಂತ. ಅವತ್ತು ಇವ್ರು ಊಟ ಮಾಡ್ಲಿಲ್ಲ. ನನ್ ಕೈ ನಾನೇ ಕಡ್ಕಂಡಂಗಾಯ್ತು ಅಂದ್ರು.'

ನನಗೆ ಅಳು ಬಂತು. ಬಸ್ ಸ್ಟ್ಯಾಂಡಿನ ಗಂಟಲಿಗೆ ಅಳುವುದೂ ಸರಿಯಾಗಿ ಬರುವುದಿಲ್ಲ. ಹಾರ್ನ್ ಕೆಟ್ಟ ಹಾಗೆ ಏನೋ ಸದ್ದು ಬಂತು. ಕೊಟ್ಟಿಗೆಯಿಂದ ಕರು ತಲೆ ಎತ್ತಿ ನೋಡಿತು. ಗುತ್ಯಮ್ಮ ನೀರು ತಂದುಕೊಟ್ಟು ಒಳಗೆ ಹೋದಳು.

ಬಾ ಎಂದು ಒಂದು ಮಾತು ಹೇಳಿ ಕಳಿಸಿದ್ದರೆ ಆಗುತ್ತಿರಲಿಲ್ಲವೆ? ನನಗೆ ಟಿಕೆಟ್ ಕೂಡ ಇಲ್ಲ. ಆದರೆ ನಾನು ಏನು ಹೇಳಿ ಕಳಿಸುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಸೀಸನ್ನು, ಸಾಹುಕಾರರು ರಜೆ ಕೊಡಲ್ಲ, ಹಬ್ಬ ಕಳೀಲಿ. ಕೋಲು ಮುರಿದಾಗ ಮಾತ್ರ ನನಗೆ ಸೀಸನ್ನೂ ಇಲ್ಲ, ಸಾಹುಕಾರರೂ ಇಲ್ಲ, ಮಾರನೆಯ ದಿನವೇ ಹಾಜರು. ಇಪ್ಪತ್ತು ವರ್ಷ ನಾನು ಅವನನ್ನು ನೋಡಲು ಬಂದದ್ದು ಒಂದು ಸಲವೂ ಇಲ್ಲ, ಕೋಲಿಗೆ ಬಂದದ್ದು. ಬಂದಮೇಲೆ ಎರಡು ದಿನ ಮಾತಾಡಿ ಮುಗಿಯುತ್ತಿರಲಿಲ್ಲ, ಅದು ಬೇರೆ.

ಗುತ್ಯಮ್ಮ ಹೊರಗೆ ಬಂದಾಗ ಕೈಯಲ್ಲಿ ಹುಲಿಯಪ್ಪನ ಸ್ವಂತ ಕೋಲು ಇತ್ತು. 'ಇದು ಮುರಿಯಲ್ಲ. ಇದಕ್ಕೆ ಇವ್ರು ಎಂತೂ ಮಾಡಿಲ್ಲ. ನಾಳೆ ಒಂದಿನ ಇದೆ. ನಂಬ್ಕಂಡಿದೀನಿ ಅಂದಿದ್ನಲ್ಲ, ಹೋಗಿ ನೋಡಿ' ಎಂದಳು.

ಅಕ್ಟೋಬರ್ ೨, ಸೋಮವಾರ

ಗಾಂಧಿ ಜಯಂತಿ. ಇವತ್ತಿನ ವಿಷಯ ಜಯಕೀರ್ತಿಯವರಿಗೆ ಹೇಳುವ ಹಾಗಿಲ್ಲ.

ಅಣೆಕಟ್ಟಿನ ನೀರು ಹಿಂದಕ್ಕೆ ಬಂದು ನಿಂತ ಜಾಗ. ಮೊದಲು ಅವನ ಗದ್ದೆ ಇತ್ತು, ಈಗ ಮುತ್ತುಗದ ಮರದ ನೆತ್ತಿ ಮಾತ್ರ ಕಾಣುತ್ತದೆ. ಗದ್ದೆ ಮುಳುಗಿದಾಗ ಹುಲಿಯಪ್ಪ, ಇನ್ನು ಬದುವಿನ ಮೇಲೆ ನಿಂತು ಗಾಳ ಹಾಕುವ ಹಾಗಿಲ್ಲ ಎಂದಷ್ಟೇ ಹೇಳಿದ್ದ. ಅವನು ಕೂರುತ್ತಿದ್ದ ಕಲ್ಲಿನ ಮೇಲೆ ಕೂತೆ. ಕೋಲು ಹಗುರ, ಹಿಡಿ ಸವೆದು ಹೋಗಿದೆ, ಬೆರಳು ತಾನಾಗಿ ಜಾಗ ಹುಡುಕಿಕೊಂಡಿತು.

ಬೆಳಿಗ್ಗೆ ಏನೂ ಇಲ್ಲ. ಮಧ್ಯಾಹ್ನ ಏನೂ ಇಲ್ಲ. ಗುತ್ಯಮ್ಮ ಒಂದು ಸಲ ಬುತ್ತಿ ತಂದುಕೊಟ್ಟು ಹೋದಳು. ನಾನು ಇಡೀ ದಿನ ಯಾರ ಹತ್ತಿರವೂ ಮಾತಾಡದೆ ಕೂತದ್ದು ಜೀವಮಾನದಲ್ಲೇ ಮೊದಲು ಇರಬೇಕು. ಬಿಸಿಲು ಇಳಿಯುವಾಗ ಬೆಂಡು ಪಕ್ಕಕ್ಕೆ ಸರಿದು ಮುಳುಗಿತು. ಎಳೆದೆ. ಕೋಲು ಬಾಗಿತು. ಲಟಕ್ ಎನ್ನುವುದಕ್ಕೆ ಕಿವಿ ತಯಾರಾಗಿ ಕಾದಿತ್ತು. ಸದ್ದು ಬರಲಿಲ್ಲ. ಬಾಗಿದ ಕೋಲು ನಿಧಾನವಾಗಿ ನೆಟ್ಟಗಾಯಿತು, ಅದರ ಹಿಂದೆಯೇ ಮೀನು ದಡಕ್ಕೆ ಬಂದು ಬಿತ್ತು. ಮುರಿಯದೆ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟೇ ಆಗುತ್ತದೆ, ಮೀನು ಸಿಗುತ್ತದೆ.

ಔಲು ಮೀನು. ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಗುತ್ಯಮ್ಮ ಅದನ್ನು ಹಂಡೆಯ ನೀರಿಗೆ ಬಿಟ್ಟು ಮೇಲೆ ಬುಟ್ಟಿ ಕವುಚಿ ಕಲ್ಲು ಹೇರಿದ್ದಾಳೆ. ಬರೆಯುತ್ತಿರುವಾಗಲೂ ಒಳಗೆ ಅದು ಬಾಲ ಬಡಿಯುವುದು ಕೇಳುತ್ತಿದೆ.

ಅಕ್ಟೋಬರ್ ೩, ಮಂಗಳವಾರ, ಅಮಾವಾಸ್ಯೆ

ಮಧ್ಯಾಹ್ನದ ಹೊತ್ತಿಗೆ ಎಡೆ ಇಟ್ಟರು. ಹಿರಿಯರ ಎಲೆಗಳ ಸಾಲಿನಲ್ಲಿ ಕೊನೆಯದು ಹುಲಿಯಪ್ಪನದು. ಕಡುಬು, ವಡೆ, ಕೆಸುವಿನ ಪಲ್ಯ, ನಡುವೆ ಮೀನಿನ ಸಾರು. ಗುತ್ಯಮ್ಮ ತಲೆಯ ಭಾಗವನ್ನು ಅವನ ಎಲೆಗೇ ಹಾಕಿದಳು. ದೀಪ ಇಟ್ಟು, ಧೂಪ ಹಾಕಿ, ಅವರು ಊಟ ಮಾಡಲಿ ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂತೆವು.

ಒಳಗೆ ಸದ್ದಿಲ್ಲ. ಮಗಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಮುಚ್ಚಿದ ಬಾಗಿಲಿನ ಕಡೆ ತಿರುಗಿ ಮೀನು ಹಿಡಿದದ್ದನ್ನು ಹೇಳತೊಡಗಿದೆ. ಬೆಂಡು ಹೇಗೆ ಸರಿಯಿತು, ಕೋಲು ಹೇಗೆ ಬಾಗಿತು, ಎಲ್ಲ. ಎಷ್ಟುದ್ದ ಎಂದು ತೋರಿಸಲು ಎರಡೂ ಕೈ ಅಗಲಿಸಿದೆ. ಮತ್ತೆ ಒಳಗೆ ಅವನ ಎಲೆಯ ಮೇಲೇ ಮೀನು ಇದೆಯಲ್ಲ ಎಂದು ನೆನಪಾಗಿ, ಕೈಗಳನ್ನು ಹತ್ತಿರ ತಂದೆ. ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಮಾರಾಯ, ಎಂದೆ.

'ಅಷ್ಟೇನಾ?' ಎನ್ನುತ್ತಾನೇನೋ ಎಂದು ಕಿವಿ ಕೊಟ್ಟು ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಗುತ್ಯಮ್ಮ ಬಾಗಿಲು ತೆರೆದಳು. ಎಲ್ಲ ಇಟ್ಟಲ್ಲೇ ಇತ್ತು. ಎಲೆಯನ್ನು ಬಗ್ಗಿ ನೋಡಿ, 'ಉಂಡಾರೆ' ಎಂದಳು. ನನಗೂ ಹಾಗೇ ಕಂಡಿತು.

ಊಟವಾದ ಮೇಲೆ ಅಮಾವಾಸ್ಯೆ ಅಲ್ಲವೆ ಎಂದು ಹಿಂದಿನ ಗುಡ್ಡಕ್ಕೆ ಹೋಗಿ ಒಂದು ವಾಟೆ ಕಡಿದು ತಂದೆ. ಅವನು ಕಡಿಯುತ್ತಿದ್ದ ಬಿದಿರಿನ ಹಿಂಡಿಲಿನಿಂದಲೇ. ಕೆಂಡದ ಮೇಲೆ ಹಿಡಿದು ನೆಟ್ಟಗೆ ಮಾಡಿ, ಜಗಲಿಯಲ್ಲಿ ಕೂತು ಚಾಕು ತೆಗೆದುಕೊಂಡೆ. ಮೊದಲನೆಯ ಗೆಣ್ಣು, ಎರಡನೆಯ ಗೆಣ್ಣು. ಕೆರೆಯುವುದು ಕಷ್ಟದ ಕೆಲಸ. ಜಾಸ್ತಿಯಾದರೆ ಹೊಗೆಯಲ್ಲೇ ಸೀಳುತ್ತದೆ, ಕಡಿಮೆಯಾದರೆ ಮುರಿಯುವುದಿಲ್ಲ. ಅವನ ತುಂಡನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ ನೋಡಿ ಮಾಡಿದೆ.

ಗುತ್ಯಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. 'ಎಂತ ಮಾಡ್ತಿದೀರಿ?'

'ಗೆಣ್ಣು ನಯ ಮಾಡ್ತಿದೀನಿ.'

ಅವಳು ಒಳಗೆ ಹೋಗಿ ಕೆಂಪು ದಾರದ ಉಂಡೆ ತಂದು ನನ್ನ ಪಕ್ಕ ಇಟ್ಟಳು.

ತೀರ್ಥಹಳ್ಳಿ
ಅಕ್ಟೋಬರ್ ೫, ಗುರುವಾರ

ಜಯಕೀರ್ತಿ ಕೇಳಿದರು, ಹೇಳಿದೆ. ಗಾಂಧಿ ಜಯಂತಿಯ ದಿನ ಎನ್ನುವುದನ್ನೂ ಬಾಯಿ ತಪ್ಪಿ ಹೇಳಿದೆ. ಮೀನು ಎಷ್ಟುದ್ದ ಎಂದು ತೋರಿಸಿದೆ. ಅವರು ನನ್ನ ಕೈಗಳನ್ನು ನೋಡಿ, 'ಮೈ ಹುಷಾರಿಲ್ವಾ ಕನ್ನಪ್ಪನೋರೆ?' ಎಂದರು.

ರಾತ್ರಿ ಊಟಕ್ಕೆ ಕೂತಾಗ ಶೇಷಮ್ಮ ಕೇಳಿದಳು: 'ಆ ಮುರಿಯದ ಕೋಲು ಎಲ್ಲಿ? ತರ್ಲಿಲ್ವಾ?'

'ಅವರ ಗೋಡೆಗೇ ಬಿಟ್ಟು ಬಂದೆ. ನನಗ್ಯಾಕೆ ಅದು? ಹೊಸದೊಂದು ಅವರ ಅಟ್ಟದಲ್ಲಿ ಕಟ್ಟಿದೀನಿ. ಪ್ರತಿ ಅಮಾವಾಸ್ಯೆಗೆ ಹೋಗಿ ಮಗ್ಗುಲು ತಿರುಗಿಸಬೇಕು. ಮುಂದಿನ ವರ್ಷ ಮಳೆ ಕಳೆದ ಮೇಲೆ ಇಳಿಸೋದು. ನೀನೂ ಒಂದ್ಸಲ ಬಾ.'

'ಅಟ್ಟದಲ್ಲಿರೋ ಕೋಲನ್ನ ತಿರುಗಿಸೋಕೆ ಗುತ್ಯಮ್ಮನಿಗೆ ಕೈ ಇಲ್ವಾ?'

'ಅದಕ್ಕೆ ಒಂದು ಕ್ರಮ ಇದೆ' ಎಂದೆ.

ಅವಳು ಸಾರು ಬಡಿಸಿದಳು. 'ಅದಾದ್ರೂ ಮುರೀದಂಗೆ ಮಾಡಿದೀರಾ?'

'ಮುರಿಯುತ್ತೆ' ಎಂದೆ. 'ಅಳತೆ ಸರಿಯಾಗೇ ಇದೆ. ನಿನ್ನ ಚಪ್ಪರಕ್ಕೆ ಹೊಂದುತ್ತೆ.'